ಮಂಚದ ಬಸಪ್ಪನ ಮುಖ

ನಮ್ಮ ಸಂಸ್ಥೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಈಗ ತರಬೇತಿ ಅಂತ ಮಾಡುತ್ತಾರೆ. ಗೋಡೆಯ ಮೇಲೆ ಚಿತ್ರ ಬಿಡುತ್ತಾರೆ, ಮಧ್ಯಾಹ್ನ ಬಿಸಿಬೇಳೆಬಾತು ಹಾಕುತ್ತಾರೆ, ಸಂಜೆ ಗ್ರೂಪ್ ಫೋಟೋ. ಹೋದ ಸಲ ನನ್ನನ್ನೂ ಕರೆದು ಐದು ನಿಮಿಷ ಮಾತಾಡಿ ಎಂದರು. ನಾನು ಕನ್ನಡಕ ಹುಡುಕಿ ಮೂಗಿನ ಮೇಲೆ ಏರಿಸುವಷ್ಟರಲ್ಲಿ ಐದು ನಿಮಿಷ ಮುಗಿದಿತ್ತು. ಆಮೇಲೆ ಆಫೀಸು ನೋಡಿಕೊಳ್ಳುವ ಹುಡುಗಿ ಬಂದು, "ಅಂಕಲ್, ನೀವು ಬರೆದೇ ಕೊಟ್ಟುಬಿಡಿ" ಎಂದಳು. ತರಬೇತಿಯಲ್ಲಿ ಹೇಳದೆ ಬಿಡುವುದನ್ನೇ ಬರೆಯುತ್ತೇನಮ್ಮ ಎಂದೆ. ನಕ್ಕಳು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಂಜನಗೂಡು, ತಿ. ನರಸೀಪುರ ಈ ಎರಡು ತಾಲ್ಲೂಕಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಬಡವರ ಮನೆಗೆ ಆಸ್ಪತ್ರೆಯಲ್ಲಿರುತ್ತದಲ್ಲ, ಅಂಥ ಕಬ್ಬಿಣದ ಮಂಚ ಕೊಡುವುದು. ಕಾಲಿನ ಕಡೆ ಒಂದು ಹಿಡಿ ಇರುತ್ತದೆ, ಬಗ್ಗಿ ತಿರುಗಿಸಿದರೆ ತಲೆ ಭಾಗ ಮೇಲೇಳುತ್ತದೆ. ಕೂಲಿಯವರ ಮನೆ, ಕಾಲೋನಿಯ ಮನೆ, 'ಇನ್ನು ಮನೆಗೆ ಕರಕೊಂಡು ಹೋಗಿ' ಎಂದು ದೊಡ್ಡಾಸ್ಪತ್ರೆಯವರು ಕೈಬಿಟ್ಟವರ ಮನೆ. ಮಂಚ ಪುಕ್ಕಟೆ. ರೋಗಿ ಎದ್ದರೂ ಸರಿ, ಶಿವನ ಪಾದ ಸೇರಿದರೂ ಸರಿ, ಮಂಚ ವಾಪಸ್ ಬರಬೇಕು, ಇನ್ನೊಂದು ಮನೆಗೆ ಹೋಗಬೇಕು. ಇಷ್ಟೇ ಕೆಲಸ. ಕೇಳುವುದಕ್ಕೆ ಸಾಮಾನು ಸಾಗಿಸುವ ಕೆಲಸದ ಹಾಗಿದೆ, ನಾನೂ ಹಾಗೇ ತಿಳಿದು ಸೇರಿದ್ದು.

ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಸೈಕಲ್ ಶಾಪು ಇತ್ತು. ಒಂದು ದಿನ ಬಿಳಿ ಸೀರೆಯ ಒಬ್ಬ ಹೆಂಗಸು ಗಾಲಿಕುರ್ಚಿಯೊಂದನ್ನು ತಾವೇ ತಳ್ಳಿಕೊಂಡು ಬಂದು, "ಇದರ ಚಕ್ರ ಅಲ್ಲಾಡ್ತದೆ, ಸರಿ ಮಾಡು" ಎಂದರು. ಕೇಳಿದ ಧಾಟಿ ಹೇಗಿತ್ತೆಂದರೆ ಚಕ್ರ ಅಲ್ಲಾಡಿದ್ದು ನನ್ನದೇ ತಪ್ಪೇನೋ ಅನಿಸಬೇಕು. ಅವರು ಲೀಲಮ್ಮ. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾಗಿ ಈ ಸಂಸ್ಥೆ ಕಟ್ಟಿದವರು. ಊರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿತ್ತು. ಚಕ್ರದಿಂದ ಶುರುವಾಗಿ ಮಂಚದ ಬೆಸುಗೆಗೆ ಬಂತು, ಬೆಸುಗೆಯಿಂದ ಭಾನುವಾರದ ಸೇವೆಗೆ ಬಂತು. ಕೊನೆಗೆ ಶಾಪಿಗೆ ಬೀಗ ಹಾಕಿ ಅವರ ಹಿಂದೆಯೇ ಹೊರಟೆ. ನನ್ನ ಹೆಂಡತಿ ಗೌರಮ್ಮ, "ಸಂಸಾರಕ್ಕೆ ಸೈಕಲ್ಲಾದರೂ ಇತ್ತು, ಈಗ ಮಂಚ ಹೊತ್ಕೊಂಡು ತಿರುಗಿ" ಎಂದು ಬೈದಳು, ಮಾರನೇ ದಿನ ಬುತ್ತಿ ಕಟ್ಟಿ ಕೊಟ್ಟಳು.

ಸಿಸ್ಟರ್ ಜೊತೆ ಕೆಲಸ ಮಾಡುವುದೆಂದರೆ ಸೌದೆ ಒಲೆಯ ಮುಂದೆ ಕೂತ ಹಾಗೆ. ಬಿಸಿಯೂ ಅದೇ, ಹೊಗೆಯೂ ಅದೇ. ಮೊದಲನೇ ದಿನ ಮಂಚ ಇಳಿಸಿ, ಕೈ ತೊಳೆದುಕೊಂಡು ಬಂದು ನಿಂತೆ. "ರೋಗಿ ಬೆನ್ನು ನೋಡಿದೆಯಾ?" ಎಂದರು. ಇಲ್ಲ ಎಂದೆ. "ಮತ್ತೆ ಏನು ಮಾಡ್ಕೊಂಡು ಬಂದೆ? ಮಂಚ ಹಾಕೋದಕ್ಕೆ ಎತ್ತಿನ ಗಾಡಿ ಸಾಕಾಗಿತ್ತು" ಎಂದು ವಾಪಸ್ ಅಟ್ಟಿದರು. ಮಗ್ಗುಲು ಬದಲಾಯಿಸುವುದನ್ನು ಮನೆಯವರಿಗೆ ಕಲಿಸಬೇಕು. ಎರಡು ಗಂಟೆಗೊಮ್ಮೆ, ಹಗಲೂ ಇರುಳೂ. ಕಲಿಸದಿದ್ದರೆ ಬೆನ್ನಲ್ಲಿ ಹುಣ್ಣು ಬೀಳುತ್ತದೆ, ಆ ಹುಣ್ಣೇ ಕೊಲ್ಲುತ್ತದೆ. ಆ ಕಾಲಕ್ಕೆ ಎಳೆ ಬಾಳೆಲೆ ಹಾಸಿ ಮಲಗಿಸುತ್ತಿದ್ದೆವು. ಈಗ ಕರೆಂಟಿನಲ್ಲಿ ಉಬ್ಬುವ ಗಾಳಿ ಹಾಸಿಗೆ ಬಂದಿದೆ, ಒಳ್ಳೆಯದೇ. ಕರೆಂಟು ಹೋದಾಗ ಮಾತ್ರ ಬಾಳೆಲೆ ನೆನಪಾಗಲಿ.

ಇನ್ನೊಂದು. ಈಗಿನ ಹುಡುಗರು ಹುಣ್ಣಿನ ಫೋಟೋವನ್ನು ವಾಟ್ಸಾಪಿಗೆ ತರಿಸಿಕೊಂಡು ಔಷಧಿ ಹೇಳುತ್ತಾರೆ. ಅಯ್ಯಾ, ಫೋಟೋದಲ್ಲಿ ವಾಸನೆ ಬರುವುದಿಲ್ಲ. ಬಾಗಿಲಲ್ಲಿ ಕಾಲಿಟ್ಟಾಗಲೇ ಮೂಗಿಗೆ ಗೊತ್ತಾಗುವುದು ನಿಮ್ಮ ಫೋನಿಗೆ ಗೊತ್ತಾಗುವುದಿಲ್ಲ. ಹೋಗಿ ನೋಡಿ.

ಹೋಗಿ ನೋಡುವಾಗ ಮನೆ ಯಾವುದೆಂದು ಸರಿಯಾಗಿ ವಿಚಾರಿಸಿ. ಚಿಕ್ಕಯ್ಯನಛತ್ರದ ಕಡೆಯ ಒಂದು ಊರಿಗೆ ಮಂಚ ತೆಗೆದುಕೊಂಡು ಹೋಗಿದ್ದೆ. ಮಹದೇವಪ್ಪನ ಮನೆ ಯಾವುದು ಎಂದರೆ ಹೊಲದಲ್ಲಿದ್ದವನು ಕೈ ತೋರಿಸಿದ. ಆ ಊರಿನಲ್ಲಿ ಮಹದೇವಪ್ಪಂದಿರು ಬೇಲಿ ಗೂಟದಷ್ಟಿದ್ದರು, ನನಗೇನು ಗೊತ್ತು? ಮನೆ ಮುಂದೆ ಹಸಿರು ಚಪ್ಪರ ಇತ್ತು. ರೋಗಿಯನ್ನು ನೋಡಲು ಬರುವವರಿಗೆ ನೆರಳು ಮಾಡಿದ್ದಾರೆ, ಎಂಥಾ ಜನ ಎಂದುಕೊಂಡು, ಲಗೇಜ್ ಆಟೋದ ಸ್ವಾಮಿಯೂ ನಾನೂ ಸೇರಿ ಮಂಚವನ್ನು ಸೀದಾ ಚಪ್ಪರದ ನಡುವೆ ಇಳಿಸಿದೆವು. ಒಳಗೆ ಮದುಮಗಳಿಗೆ ಅರಿಶಿನ ಹಚ್ಚುತ್ತಿದ್ದರು.

ಒಬ್ಬ ಮುದುಕಿ ಹೊರಗೆ ಬಂದು ನೋಡಿದಳು ನೋಡಿ, "ಅಯ್ಯಯ್ಯಪ್ಪೋ! ಯಾವನ್ಲಾ ಅವ್ನು, ಮದ್ವೆ ಮನೇಗೆ ಸಾಯೋ ಮಂಚ ತಂದೋನು!" ಎಂದು ಕೂಗಿದ ಕೂಗಿಗೆ ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿಬಂದರು. ಸ್ವಾಮಿ ಆಗಲೇ ಆಟೋ ಸ್ಟಾರ್ಟ್ ಮಾಡಿಕೊಂಡಿದ್ದ. ಮದುಮಗಳ ಅಪ್ಪ ಪಾಪ, ಕೈ ಮುಗಿದ. "ತೆಪ್ಪು ತಿಳ್ಕಬೇಡಿ ಸಾ, ಒಂಟೋಗ್ಬುಡಿ. ನಿಮ್ಮ ಮುಖ ನಮ್ಮುಡ್ಗಿ ಕಣ್ಗೆ ಬೀಳಾದು ಬ್ಯಾಡ." ನಾವು ಊರು ದಾಟುವುದರೊಳಗೆ ಮಂಚ ಇಟ್ಟ ಜಾಗಕ್ಕೆ ಸಗಣಿ ನೀರು ಹಾಕಿದ್ದರು. ಆ ಮದುವೆ ಸುಸೂತ್ರವಾಗಿ ನಡೆಯಿತಂತೆ, ಗಂಡ ಹೆಂಡತಿ ಚೆನ್ನಾಗಿದ್ದಾರಂತೆ. ಆ ಕೀರ್ತಿಯನ್ನು ಯಾರೂ ನನಗೆ ಕೊಡಲಿಲ್ಲ.

ಅದು ನಗುವ ಕಥೆ, ನಾನೇ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನಗು ಬಾರದ್ದು ಮುಂದಿನದು.

ಬದನವಾಳಿನ ಹತ್ತಿರ ಒಬ್ಬಾತನಿಗೆ ಲಕ್ವಾ ಹೊಡೆದು ಒಂದು ಮಗ್ಗುಲೇ ಬಿದ್ದುಹೋಗಿತ್ತು. ಮಂಚ ಕೊಟ್ಟೆ, ವಾರಕ್ಕೊಮ್ಮೆ ಹೋಗಿ ಕೈಕಾಲು ಆಡಿಸುವುದು ಕಲಿಸಿದೆ. ಬೇಸಿಗೆ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯಲು ಹೋದರೆ ಅದೇ ಮಂಚ ಗೋಡೆಗೆ ಒರಗಿ ನಿಂತಿದೆ. ತೊಳೆದಿದ್ದಾರೆ, ನಾಲ್ಕು ಕಾಲಿಗೂ ಅರಿಶಿನ ಕುಂಕುಮ. ಎದ್ದಿದ್ದಾನೆ! ಸತ್ತಿದ್ದರೆ ಫೋನು ಬರುತ್ತಿತ್ತು, ಮಂಚ ತೆಗೆದುಕೊಂಡು ಹೋಗಿ ಎಂದು. ಖುಷಿಗೆ ತಿಂಡಿಯನ್ನೂ ತಿನ್ನದೆ ಸೈಕಲ್ ಹತ್ತಿದೆ. ಮನೆ ಇನ್ನೂ ದೂರ ಇರುವಾಗಲೇ ಆತನ ಹೆಂಡತಿ ನನ್ನನ್ನು ಕಂಡು ದಡಕ್ಕನೆ ಬಾಗಿಲು ಹಾಕಿಕೊಂಡಳು.

"ಯಾಕಮ್ಮಾ? ನಾನು ಬಸಪ್ಪ" ಎಂದೆ.

ಒಳಗಿಂದಲೇ ಹೇಳಿದಳು. "ಗೊತ್ತು ಸಾ. ನಿಮ್ ಕಾಲ್ಗೆ ಬಿದ್ದೆ, ಬೇಜಾರ್ ಮಾಡ್ಕಬೇಡಿ. ಎದ್ದೋರು ಮಂಚದೋರ ಮುಖ ತಿರ್ಗ ನೋಡ್ಬಾರ್ದಂತೆ ಸಾ. ನೋಡುದ್ರೆ ಮಂಚ ವಾಪಸ್ ಬತ್ತದಂತೆ."

ಬಾಗಿಲ ಆಚೆ ಆತ ಕೋಲೂರಿಕೊಂಡು ನಡೆಯುವ ಸದ್ದು ಕೇಳುತ್ತಿತ್ತು. ಟಕ್ಕು, ಆಮೇಲೆ ಕಾಲೆಳೆಯುವ ಸದ್ದು, ಮತ್ತೆ ಟಕ್ಕು. ಅದನ್ನೇ ಕೇಳಿಸಿಕೊಂಡು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿದ್ದು ಬಂದೆ.

ಈ ಮಾತು ಎಲ್ಲಿ ಹುಟ್ಟಿತೋ, ಯಾವ ಬಾಯಿಂದ ಹೊರಟಿತೋ ತಿಳಿಯದು. ಎರಡು ತಾಲ್ಲೂಕಿಗೂ ಹಬ್ಬಿತು. ಅಲ್ಲಿಂದಾಚೆಗೆ ಎದ್ದವರ ಮನೆಯ ಮಂಚಗಳೆಲ್ಲ ಹೀಗೆಯೇ ಹೇಳದೆ ಕೇಳದೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಸತ್ತವರ ಮನೆಯವರು ಮಾತ್ರ ಕರೆದು, ಕೂರಿಸಿ, ಕಾಫಿ ಕೊಟ್ಟು, ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. ನೀವೇ ಲೆಕ್ಕ ಹಾಕಿ. ಇಷ್ಟು ವರ್ಷ ದುಡಿದೆ, ಸತ್ತವರನ್ನೆಲ್ಲ ಕಣ್ಣಾರೆ ಕಂಡೆ. ಬದುಕಿ ಎದ್ದು ನಿಂತ ಒಬ್ಬರ ಮುಖವನ್ನೂ ನೋಡಲಿಲ್ಲ. ಡ್ರೈವರು ಸ್ವಾಮಿಗೆ ಈ ಕಟ್ಟಳೆ ಇರಲಿಲ್ಲ, ಸಿಸ್ಟರಿಗೂ ಇರಲಿಲ್ಲ. ಮಂಚ ಹಾಕಿ ಹಿಡಿ ತಿರುಗಿಸುವವನು ನಾನು, ಪಾಪ ಎಲ್ಲ ನನ್ನ ಮುಖಕ್ಕೆ ಅಂಟಿತು.

ಸಿಸ್ಟರ್ ಹತ್ತಿರ ಹೇಳಿಕೊಂಡೆ. "ಅವರು ಎದ್ದರಲ್ಲ, ಸಾಕು. ನಿನ್ನ ಮುಖಕ್ಕೆ ಆರತಿ ಎತ್ತಬೇಕಾ?" ಎಂದರು. ಆಮೇಲೆ ನನ್ನ ಮುಖ ನೋಡಿ ಏನನಿಸಿತೋ, ತಮ್ಮ ಕಾಫಿಯಲ್ಲಿ ಅರ್ಧ ಲೋಟಕ್ಕೆ ಬಗ್ಗಿಸಿ ಕೊಟ್ಟರು.

ಊರಿನಲ್ಲಿ ನನಗೆ ಮಂಚದ ಬಸಪ್ಪ ಎಂದು ಹೆಸರಾಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಕೆಲವರು ಚಪ್ಪಲಿ ಸರಿ ಮಾಡಿಕೊಳ್ಳುವವರಂತೆ ಬಗ್ಗುತ್ತಿದ್ದರು. ನಾಮಕರಣ, ಗೃಹಪ್ರವೇಶಕ್ಕೆ ಗೌರಮ್ಮನನ್ನು ಕರೆಯುವರು, "ಅಣ್ಣಾರ್ಗೆ ಬಿಡುವಿರಾಕಿಲ್ಲ ಅಲ್ವಾ ಅಕ್ಕಾ" ಎನ್ನುವರು. ಅವಳು ಒಂದಕ್ಕೂ ಹೋಗಲಿಲ್ಲ. "ನಿಮ್ಮನ್ನ ಬಿಟ್ಟು ಹೋಳಿಗೆ ತಿಂದರೆ ನನಗೆ ಅರಗುತ್ತದಾ?" ಎನ್ನುತ್ತಿದ್ದಳು. ಅವಳು ತೀರಿಕೊಂಡ ದಿನ ಬೀದಿ ತುಂಬ ಜನ. ಎಲ್ಲೆಲ್ಲಿಯ ಹಳ್ಳಿಯವರೂ ಬಂದಿದ್ದರು. ಸಾವಿನ ಮನೆಯಲ್ಲಿ ನನ್ನನ್ನು ಕಂಡರೆ ಯಾರಿಗೂ ಹೆದರಿಕೆಯಿಲ್ಲವಲ್ಲ. ಅಷ್ಟು ಜನ ಇದ್ದರೂ ನನಗೆ ಒಬ್ಬನೇ ಇದ್ದೇನೆ ಎನಿಸಿತು, ಆವತ್ತಿನಿಂದ ಹಾಗೇ ಇದ್ದೇನೆ.

ಭಾಗ್ಯಳ ಮನೆಗೆ ಹೋಗಲು ಶುರುಮಾಡಿದ್ದು ಅದರ ಮುಂದಿನ ವರ್ಷ.

ಬನ್ನೂರಿನ ಆಚೆ, ಕಬ್ಬಿನ ಗದ್ದೆಗಳ ನಡುವೆ ಒಂದು ಸಣ್ಣ ಕಾಲೋನಿ. ಅಲ್ಲಿಯವರು ಗುಂಪು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವ ಜನ. ಭಾಗ್ಯ ಕಬ್ಬು ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ನರ ಪೂರ್ತಿ ತುಂಡಾಗಿಲ್ಲ, ಏಳಬಹುದು, ಏಳದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇನ್ನೂ ಚಿಕ್ಕ ವಯಸ್ಸು, ಮಗ್ಗುಲಲ್ಲಿ ಮೊಲೆ ಬಿಡದ ಹೆಣ್ಣು ಕೂಸು. ಗಂಡ ಗುಂಪಿನ ಜೊತೆ ಕೂಲಿಗೆ ಹೋಗಿದ್ದ, ನೋಡಿಕೊಳ್ಳಲು ಇದ್ದವಳು ತಾಯಿ ಶಿವಮ್ಮ. ನಾನು ಹೋದಾಗಲೇ ಬೆನ್ನಿನ ಕೆಳಗೆ ಹುಣ್ಣು ಬಾಯಿ ಬಿಟ್ಟಿತ್ತು. ಇದು ಒಳಗೆ ಇಳಿದರೆ ಈ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಶಿವಮ್ಮನನ್ನು ಹೊರಗೆ ಕರೆದು ಹಾಗೆಯೇ ಹೇಳಿದೆ.

"ಏನ್ ಮಾಡ್ಬೇಕು ಏಳಿ ಸಾ" ಎಂದಳು. ಅಳಲಿಲ್ಲ. ಸೆರಗು ಬಿಗಿದು ಕಟ್ಟಿದಳು.

ಕಬ್ಬು ಕಡಿದ ತೋಳು ಅವಳದು. ಮಗಳನ್ನು ತಿರುಗಿಸುವುದು ಒಂದೇ ಸಲಕ್ಕೆ ಕಲಿತಳು. ಹೊತ್ತು ತಿಳಿಯಲು ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ, ಅದು ಕೋಳಿಯ ಹಾಗೆ ಕೂಗುವುದು. "ಸಾ, ನಮ್ಮನೆ ಕೋಳೀಗೆ ಉಚ್ಚು ಇಡ್ದದೆ ಅಂತ ಊರೋರೆಲ್ಲ ಮಾತಾಡ್ಕತಾವ್ರೆ" ಎಂದು ಭಾಗ್ಯ ಮಲಗಿದಲ್ಲೇ ನಗುತ್ತಿದ್ದಳು. ನಗುವ ಹುಡುಗಿ. ಸೊಂಟದ ಕೆಳಗೆ ಇರುವೆ ಕಚ್ಚಿದರೂ ತಿಳಿಯದ ಸ್ಥಿತಿಯಲ್ಲಿ ನನ್ನನ್ನು ಗೇಲಿ ಮಾಡುವಳು. "ಬಂದ್ರಾ ಸಾ? ಇವತ್ತು ತಡ. ಯಾರ್ನ ಮಲಗ್ಸಿ ಬಂದ್ರಿ?" ಎನ್ನುವಳು. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ನಾನು ಹಿಡಿ ತಿರುಗಿಸುತ್ತಿದ್ದೆ.

ವಾರಕ್ಕೊಮ್ಮೆ ಹೋದರೆ ಸಾಕಿತ್ತು. ನಾನು ಮಧ್ಯದಲ್ಲಿ ಇನ್ನೊಂದು ಸಲವೂ ಹೋಗುತ್ತಿದ್ದೆ. ಹುಣ್ಣಿಗೋಸ್ಕರ ಎಂದು ಸಿಸ್ಟರಿಗೆ ಹೇಳುತ್ತಿದ್ದೆ, ಅದು ನಿಜವೂ ಹೌದು. ನಾನು ಬರುವುದನ್ನು ಕಾಯುತ್ತಿದ್ದ ಮನೆ ಅದೊಂದೇ ಆಗಿತ್ತು ಎನ್ನುವುದೂ ನಿಜ. ನನ್ನ ಮನೆಯಲ್ಲಿ ಬಾಗಿಲು ತೆಗೆದರೆ ಬೆಳಿಗ್ಗೆ ತೊಳೆದಿಟ್ಟ ಲೋಟ ಅಲ್ಲೇ ಇರುತ್ತಿತ್ತು.

ಹುಣ್ಣು ಮಾಗಿತು. ಒಂದು ದಿನ ಶಿವಮ್ಮ ಕಾಲು ತೊಳೆಸುವಾಗ ಭಾಗ್ಯ, "ಅವ್ವಾ, ನೀರು ತಣ್ಗದೆ ಕಣೆ" ಎಂದಳು. ಶಿವಮ್ಮ ಚೊಂಬು ಕೆಳಗೆ ಬಿಟ್ಟಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೂಸು ಮಾತ್ರ ಚೆಲ್ಲಿದ ನೀರಿನಲ್ಲಿ ಕೈ ಬಡಿಯುತ್ತಿತ್ತು.

ಆ ಹೊತ್ತಿಗೆ ಸಿಸ್ಟರ್ ಕಾಯಿಲೆ ಬಿದ್ದರು. ಅವರನ್ನು ನೋಡಿಕೊಳ್ಳುವುದರಲ್ಲಿ ನಾನು ಬನ್ನೂರಿನ ಕಡೆಗೆ ಹೋಗಲಾಗಲಿಲ್ಲ. ಸಿಸ್ಟರಿಗೆ ನಮ್ಮದೇ ಮಂಚ ಹಾಕಿದೆ. "ಹಿಡಿಗೆ ಎಣ್ಣೆ ಬಿಟ್ಟಿದ್ದೀಯಾ? ಕಿರ್ ಅಂತದೆ" ಎಂದು ಕೊನೆಯವರೆಗೂ ತಪ್ಪು ಹುಡುಕಿಕೊಂಡೇ ಹೋದರು. ಅವರ ಮಣ್ಣು ಮುಗಿಸಿ ಆಫೀಸಿಗೆ ಬಂದರೆ ಭಾಗ್ಯಳ ಮಂಚ ಬಾಗಿಲಲ್ಲಿ ನಿಂತಿತ್ತು.

ತೊಳೆದಿರಲಿಲ್ಲ. ಅರಿಶಿನ ಇಲ್ಲ, ಕುಂಕುಮ ಇಲ್ಲ. ಎದುರಿನ ಟೀ ಅಂಗಡಿಯವನನ್ನು ಕೇಳಿದರೆ, ಯಾವುದೋ ಕಬ್ಬಿನ ಲಾರಿಯವನು ಇಳಿಸಿ ಹೋದ ಎಂದ. ಅವಳು ಎದ್ದಳೇ, ಹೋದಳೇ? ಎದ್ದಿದ್ದರೆ ಅರಿಶಿನ ಹಚ್ಚುತ್ತಿದ್ದರು. ಹೋಗಿದ್ದರೆ ನನ್ನನ್ನು ಕರೆಯುತ್ತಿದ್ದರು. ಶಿವಮ್ಮ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ, ಅದು ಬಂದ್ ಆಗಿತ್ತು. ನಾನೇ ಹೋಗಲು ಧೈರ್ಯ ಸಾಲದೆ ಸ್ವಾಮಿಯನ್ನು ಕಳಿಸಿದೆ. ಅವನು ವಾಪಸ್ ಬಂದು ಆಟೋದಿಂದ ಇಳಿಯದೆಯೇ ಹೇಳಿದ. "ಬೀಗ ಆಕವ್ರೆ ಅಣ್ಣ. ಇಡೀ ಕಾಲೋನೀಲಿ ಮುದ್ಕರು ಬುಟ್ರೆ ಯಾರೂ ಇಲ್ಲ, ಎಲ್ಲಾ ಕಬ್ಬು ಕಡ್ಯಕ್ಕೆ ಒಂಟೋಗವ್ರೆ. ಆ ಉಡ್ಗಿ ವಿಚಾರ ಒಬ್ಬೊಬ್ರು ಒಂದೊಂದು ಏಳ್ತಾರೆ."

ಏನು ಹೇಳಿದರು ಎಂದು ನಾನು ಕೇಳಲಿಲ್ಲ.

ಅದಾದ ಮೇಲೂ ಹಲವು ವರ್ಷ ಕೆಲಸ ಮಾಡಿದೆ. ಬಿಡುವಾದಾಗಲೆಲ್ಲ ಅದೇ ಯೋಚನೆ. ತಣ್ಣೀರು ತಿಳಿದ ಕಾಲು ನೆಲ ಊರಿತೋ ಇಲ್ಲವೋ? ಮತ್ತೆ ಹುಣ್ಣಾಯಿತೋ? ನಾನು ಹೋಗುತ್ತಲೇ ಇದ್ದಿದ್ದರೆ? ಇಷ್ಟು ಜನರಲ್ಲಿ ಇವಳೊಬ್ಬಳದ್ದೇ ಯಾಕೆ ಹೀಗೆ ಕಾಡಬೇಕು ಎಂದು ನನ್ನನ್ನೇ ಬೈದುಕೊಂಡಿದ್ದೇನೆ. ಬೈದರೆ ನಿಲ್ಲುತ್ತದೆಯೇ? ಮೊಣಕಾಲು ಸೋತು ನಿವೃತ್ತನಾದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಷ್ಟು ಹಣ್ಣನ್ನು ಒಬ್ಬನೇ ತಿನ್ನಲಾಗದೆ ಬೀದಿಗೆ ಹಂಚಿದೆ. ಕೆಲವರು ಈಸಿಕೊಂಡರು.

ಮೊಣಕಾಲಿಗೆ ಎಣ್ಣೆ ಹಾಕಿ ನೀವುವವರೊಬ್ಬರು ಬನ್ನೂರಿನಲ್ಲಿದ್ದಾರೆ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಲ್ಲಿಗೆ ಹೋಗಿದ್ದೆ. ವಾಪಸ್ ಬರಲು ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕೂತಿದ್ದಾಗ, "ಬಿರ್‌ನೆ ಬಾರೇ, ಮಳವಳ್ಳಿ ಬಸ್ಸು ಒಂಟೋಯ್ತದೆ" ಎಂಬ ದನಿ ಕೇಳಿತು. ಭಾಗ್ಯಳ ದನಿ. ಕತ್ತೆತ್ತಿದೆ. ಜನರ ನಡುವೆ ಒಂದು ನೀಲಿ ಸೀರೆ, ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನ ಒಂದು ಹುಡುಗಿ. ಪೂರ್ತಿ ನೋಡಲಿಲ್ಲ. ನೋಡುವುದಕ್ಕೆ ಮೊದಲೇ ಹೆಗಲ ಟವೆಲ್ಲನ್ನು ಮುಖಕ್ಕೆ ಹಾಕಿಕೊಂಡು ಕಂಬದ ಕಡೆಗೆ ತಿರುಗಿಬಿಟ್ಟೆ.

ಜೀವಮಾನವಿಡೀ ಈ ಕಟ್ಟಳೆಗೆ ಹೊಟ್ಟೆ ಉರಿಸಿಕೊಂಡವನು ನಾನು. ಮೂಢನಂಬಿಕೆ, ಹಾಳು ನಂಬಿಕೆ ಎಂದು ಎಷ್ಟು ಜನರಿಗೆ ಬೈದಿದ್ದೇನೋ. ಆ ಗಳಿಗೆಯಲ್ಲಿ ಅದ್ಯಾವುದೂ ನೆನಪಾಗಲಿಲ್ಲ. ನನ್ನ ಮುಖ ಅವಳಿಗೆ ಕಾಣಬಾರದು, ಅಷ್ಟೇ.

ಹಿಂದೆ ಹೆಜ್ಜೆ ನಿಂತಿತು.

"ಮಂಚದ್ ಸಾ ಅಲ್ವಾ?"

"ಅಲ್ಲ ಕಣಮ್ಮ" ಎಂದೆ.

ನಕ್ಕಳು. ಅದೇ ನಗು. "ಸುಳ್ ಏಳ್ಬೇಡಿ. ಬಗ್ಗಿ ಇಡಿ ತಿರುಗ್ಸೋವಾಗ ಮಲೀಕಂಡಲ್ಲೇ ನಾನು ನೋಡ್ತಿದ್ದುದ್ದು ನಿಮ್ ಬೆನ್ನೇ ಅಲ್ವಾ? ಮರ್ತೋದೀನಾ?"

"ತಾಯೀ, ಈ ಕಡೆ ನೋಡಬೇಡ. ಹೋಗು, ಬಸ್ಸು ಬರುತ್ತದೆ."

"ನೋಡ್ತಾ ಇಲ್ಲ ಸಾ. ನಾನೂ ಬೆನ್ ತಿರುಕ್ಕಂಡೇ ನಿಂತಿವ್ನಿ." ದನಿ ಸಣ್ಣದಾಯಿತು. "ನಮ್ಮವ್ವ ಸಾಯೋವಾಗ ಆಣೆ ಆಕುಸ್ಕಂಡ್ಳು. ಇಲ್ದಿದ್ರೆ ಬತ್ತಿರ್ನಿಲ್ವಾ? ನಿಂತ್ಕಂಡ ದಿನ್ವೇ ಮಂಚ ಕಳುಸ್ದೋ. ಗುಂಪು ಮದ್ದೂರ್ ಕಡೀಕೆ ಒಂಟಿತ್ತು, ತೊಳ್ಯಕೂ ಟೇಮ್ ಇರ್ನಿಲ್ಲ. ಲಾರಿಯವ್ನಿಗೆ ಬಾಯಲ್ಲಿ ಏಳ್ ಕಳ್ಸಿದ್ದೆ, ಎದ್ಲು ಅಂತ ಏಳು ಅಂತ. ಅವ್ನು ಏಳ್ನಿಲ್ವಾ?"

ಟವೆಲ್ಲಿನೊಳಗೇ ಇಲ್ಲ ಎಂದು ತಲೆ ಆಡಿಸಿದೆ. ನಾನು ಕೂತು, ಅವಳು ನಿಂತು, ಇಬ್ಬರೂ ಬೆನ್ನಿಗೆ ಬೆನ್ನು ಮಾಡಿಕೊಂಡಿದ್ದೆವು. ಜನ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು.

"ಚಿನ್ನೂ, ನೀನೋಗಿ ತಾತನ್ ಮುಖ ನೋಡು. ಎಂಗವ್ರೆ ಏಳು" ಎಂದಳು.

ಹುಡುಗಿ ಕಂಬ ಸುತ್ತಿಕೊಂಡು ಬಂದಳು. ಟವೆಲ್ಲಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಪಾಠ ನೋಡಿದ ಹಾಗೆ ನನ್ನ ಮುಖ ನೋಡಿದಳು.

"ಗಡ್ಡ ಬೆಳ್ಗದೆ. ಮುಂದ್ಗಡೆ ಎಲ್ಡು ಅಲ್ಲು ಬಿದ್ದೋಗವೆ ಕಣವ್ವ."

"ಇನ್ನೂ?"

"ಅಳ್ತಾವ್ರೆ."

ಮಳವಳ್ಳಿ ಬಸ್ಸು ಬಂದು ಆ ತುದಿಯಲ್ಲಿ ನಿಂತಿತು. ಜನ ಓಡಿದರು. ಭಾಗ್ಯ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಸಾ, ಈಗ ನಾನೋಯ್ತೀನಿ. ನಾನು ತಿರುಗಾಕಿಲ್ಲ. ನೀವು ತಿರುಕ್ಕಳಿ, ನೋಡ್ಕಳಿ."

ಟವೆಲ್ಲು ತೆಗೆದು ತಿರುಗಿದೆ. ಮಗಳ ಕೈ ಹಿಡಿದುಕೊಂಡು ನಡೆಯುತ್ತಿದ್ದಳು. ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು, ಬೆನ್ನು ನೆಟ್ಟಗಿತ್ತು. ಕಂಡಕ್ಟರು ಬಾಗಿಲು ಬಡಿದು, "ಬಾರಮ್ಮೋ, ಬೇಗ ಬೇಗ" ಎಂದು ಕೂಗಿದ. ಮಗಳು ಕೈ ಜಗ್ಗಿದಳು. ಅವಳು ಅವಸರ ಮಾಡಲಿಲ್ಲ. ಬಸ್ಸಿನವರೆಗೂ ನಿಧಾನವಾಗಿ, ನನಗೆ ಕಾಣುವ ಹಾಗೆ ನಡೆದಳು.